ಕ್ರೈಸ್ತ ಆರಾಧನೆಯಲ್ಲಿ ಅಂಗವಿಕಲ ಯುವಜನರ ಸ್ಥಾನ: ಹರಿಹರ-ದಾವಣಗೆರೆಗಳನ್ನು ಮುಂದಿಟ್ಟುಕೊಂಡು ಒಂದು ಚಾರಿತ್ರಿಕ ವಿಚಾರ

೧

ತುಂಗಭದ್ರೆಯ ಬಲದಂಡೆಯ ಮೇಲಿರುವ ಹರಿಹರವು ಕನ್ನಡ ನಾಡಿನ ಪ್ರಾಚೀನ ಕ್ಷೇತ್ರಗಳಲ್ಲೊಂದು. ಹೊಯ್ಸಳ ದಂಡನಾಯಕ ಪೋಲಾಳ್ವನು ಸುಮಾರು ಕ್ರಿ. ಶ. ೧೨೨೪ರಲ್ಲಿ ಕಟ್ಟಿಸಿದ ಹರಿಹರೇಶ್ವರ ದೇವಾಲಯದಿಂದ ಈ ಊರು ಇತಿಹಾಸದ ವಿದ್ಯಾರ್ಥಿಗಳಿಗೆ ಸುಪರಿಚಿತವಾಗಿದೆ. ಎರಡು ದೈವರೂಪಗಳು ಒಂದೇ ವಿಗ್ರಹದಲ್ಲಿ ಕೂಡಿನಿಂತ ಈ ಊರಿನಲ್ಲಿಯೇ ಮತ್ತೊಂದು ಯಾತ್ರಾಸ್ಥಳವೂ ಇದೆ. ಅದು ಆರೋಗ್ಯಮಾತೆಯ ಹೆಸರಿನಲ್ಲಿರುವ ಕ್ಯಾಥೋಲಿಕ ದೇವಾಲಯ. ೨೦೧೯ರಲ್ಲಿ ರೋಮಿನ ಜಗದ್ಗುರುಪೀಠವು ಇದಕ್ಕೆ ಕಿರಿಯ ಬಸಿಲಿಕವೆಂಬ ಪದವಿಯನ್ನು ನೀಡಿತು. ಪ್ರತಿವರ್ಷವೂ ಸೆಪ್ಟೆಂಬರ್ ೮ರಂದು, ಮರಿಯಮ್ಮನವರ ಜನನೋತ್ಸವದ ದಿನ, ಇಲ್ಲಿಗೆ ನಾನಾ ಊರುಗಳಿಂದ ಜನರು ಬಂದು ಸೇರುತ್ತಾರೆ. ಬರುವವರೆಲ್ಲರೂ ಕ್ರೈಸ್ತರಲ್ಲ, ಬೇಡಿಕೆ ಮಾತ್ರ ಬಹುಮಟ್ಟಿಗೆ ಎಲ್ಲರದೂ ಒಂದೇ. ದೇವಾಲಯದ ಹೆಸರೇ ಆ ಬೇಡಿಕೆಯನ್ನು ಹೇಳುತ್ತದೆ.

ಆರೋಗ್ಯವನ್ನು ಬೇಡಿ ಜನರು ಬರುವ ಇಂತಹ ಸ್ಥಳದಲ್ಲಿ ಇತಿಹಾಸಕಾರನ ಮನಸ್ಸಿನಲ್ಲಿ ಒಂದು ಪ್ರಶ್ನೆ ಏಳುವುದು ಸಹಜ. ಹುಟ್ಟಿನಿಂದಲೇ ಕಣ್ಣಿಲ್ಲದ ತರುಣಿ, ಕಿವಿ ಕೇಳದ ತರುಣ, ಗಾಲಿಕುರ್ಚಿಯಲ್ಲಿ ಬಂದ ವಿದ್ಯಾರ್ಥಿ, ಬುದ್ಧಿಯ ಬೆಳವಣಿಗೆ ನಿಧಾನವಾದ ಹುಡುಗ, ಇವರು ದೇವಾಲಯದೊಳಕ್ಕೆ ಯಾವ ಅಧಿಕಾರದಿಂದ ಬರುತ್ತಾರೆ? ಗುಣವಾಗಲೆಂದು ಹರಕೆ ಹೊತ್ತ ರೋಗಿಗಳಾಗಿಯೋ, ದಾನಕ್ಕೆ ಪಾತ್ರರಾದ ದೀನರಾಗಿಯೋ, ಉಳಿದವರಂತೆ ಆರಾಧಿಸಲು ಬಂದ ಸಭೆಯ ಅಂಗಗಳಾಗಿಯೋ? ಮೊದಲೆರಡು ಬಗೆಯ ಸ್ವಾಗತವು ಕ್ರೈಸ್ತ ಸಮಾಜದಲ್ಲಿ ಬಹು ಹಿಂದಿನಿಂದಲೂ ಇದ್ದಿತು. ಮೂರನೆಯದು ತಡವಾಗಿ, ಹಂತಹಂತವಾಗಿ ಬಂದಿತು. ಅದು ಹೇಗೆ ಬಂದಿತೆಂಬುದನ್ನೂ ಹರಿಹರ-ದಾವಣಗೆರೆಗಳ ಮಟ್ಟಿಗೆ ಅದರಿಂದ ಏಳುವ ಪ್ರಶ್ನೆಗಳನ್ನೂ ವಿಚಾರಿಸುವುದು ಈ ಲೇಖನದ ಉದ್ದೇಶವಾಗಿದೆ.

ಇಲ್ಲಿ ಬಳಸುವ ಶಬ್ದಗಳ ಬಗ್ಗೆ ಒಂದು ಮಾತು ಹೇಳಬೇಕಾಗಿದೆ. ಕುರುಡ, ಕುಂಟ, ಮೂಗ ಎಂಬ ಹಳೆಯ ಮಾತುಗಳು ಕನ್ನಡದ ಧರ್ಮಗ್ರಂಥಾನುವಾದಗಳಲ್ಲಿಯೂ ಗಾದೆಗಳಲ್ಲಿಯೂ ಕಾಣುತ್ತವೆ. ಇಂದು ಅವು ನೋವುಂಟುಮಾಡುವ ಮಾತುಗಳೆಂದು ಬಿಟ್ಟುಹೋಗುತ್ತಿವೆ. ಬಳಿಕ ಬಂದ 'ಅಂಗವಿಕಲ' ಎಂಬುದು ದೇಹವನ್ನು ಮಾತ್ರ ಹೇಳುತ್ತದೆ. ಸರ್ಕಾರದ ಕಾಗದಪತ್ರಗಳಲ್ಲಿ ಈಗ ನಡೆಯುತ್ತಿರುವ 'ವಿಕಲಚೇತನ' ಎಂಬ ಮಾತು ಗೌರವಭಾವದಿಂದ ಬಂದುದೇನೋ ಸರಿ. ಆದರೆ ಅದರ ಅಕ್ಷರಾರ್ಥವನ್ನು ನೋಡಿದರೆ ಚೇತನವೇ ಊನವಾದುದೆಂದು ಹೇಳಿದಂತಾಗುತ್ತದೆ. ಆತ್ಮದ ವಿಷಯವಾಗಿ ಮಾತನಾಡುವ ಪ್ರಸಂಗದಲ್ಲಿ ಇದು ಸಣ್ಣ ದೋಷವಲ್ಲ. ಆದಕಾರಣ ನಾವು 'ಅಂಗವಿಕಲ' ಎಂಬುದನ್ನೇ, ಬುದ್ಧಿಮಾಂದ್ಯವುಳ್ಳವರನ್ನೂ ಒಳಗೊಳ್ಳುವಂತೆ, ಬಳಸಿದ್ದೇವೆ.

ಕ್ರೈಸ್ತ ಆರಾಧನೆಯೊಳಕ್ಕೆ ಬರುವ ಅಂಗವಿಕಲನ ಮುಂದೆ ಚರಿತ್ರೆಯಲ್ಲಿ ನಾಲ್ಕು ನಿಬಂಧನೆಗಳು ಬೇರೆಬೇರೆ ಕಾಲಗಳಲ್ಲಿ ನಿಂತುವೆಂದು ನಮಗೆ ತೋರುತ್ತದೆ: ಊನವಿಲ್ಲದ ದೇಹ, ಕೇಳುವ ಕಿವಿ, ತಿಳಿಯುವ ಬುದ್ಧಿ, ಗುಣವಾಗುವ ನಿರೀಕ್ಷೆ. ಇವುಗಳನ್ನು ಒಂದೊಂದಾಗಿ ನೋಡೋಣ.

೨

ಮೊದಲನೆಯ ನಿಬಂಧನೆಯ ಮೂಲವು ಹಳೆಯ ಒಡಂಬಡಿಕೆಯಲ್ಲಿದೆ. ಯಾಜಕಕಾಂಡದ ೨೧ನೆಯ ಅಧ್ಯಾಯವು ಆರೋನನ ವಂಶದಲ್ಲಿ ಹುಟ್ಟಿಯೂ ದೇಹದಲ್ಲಿ ಊನವುಳ್ಳವನು ಬಲಿಯನ್ನು ಅರ್ಪಿಸಲು ಸಮೀಪಿಸಬಾರದೆಂದು ವಿಧಿಸುತ್ತದೆ. ಅಂತಹವನು ನೈವೇದ್ಯದಲ್ಲಿ ಪಾಲನ್ನು ಉಣ್ಣಬಹುದು, ಬಲಿಪೀಠಕ್ಕೆ ಮಾತ್ರ ಹೋಗುವಂತಿಲ್ಲ. ಸಮುವೇಲನ ಎರಡನೆಯ ಗ್ರಂಥದ ೫ನೆಯ ಅಧ್ಯಾಯದಲ್ಲಿ ಕಣ್ಣಿಲ್ಲದವರೂ ಕಾಲಿಲ್ಲದವರೂ ಆಲಯವನ್ನು ಪ್ರವೇಶಿಸಬಾರದೆಂಬ ಒಂದು ನಾಣ್ನುಡಿ ಉಕ್ತವಾಗಿದೆ. ಅದೇ ಗ್ರಂಥದ ೯ನೆಯ ಅಧ್ಯಾಯವಾದರೋ ಬೇರೆಯೇ ಚಿತ್ರವನ್ನು ಕೊಡುತ್ತದೆ. ಎರಡು ಕಾಲುಗಳೂ ಕುಂಟಾಗಿದ್ದ ಯೋನಾತಾನನ ಮಗನನ್ನು ದಾವೀದನು ಕರೆಸಿ, ರಾಜಕುಮಾರರಲ್ಲಿ ಒಬ್ಬನಂತೆ ತನ್ನ ಪಂಕ್ತಿಯಲ್ಲಿಯೇ ನಿತ್ಯವೂ ಊಟಕ್ಕೆ ಕೂರಿಸಿಕೊಳ್ಳುತ್ತಾನೆ. ಅವನ ಕಾಲು ಸರಿಹೋಯಿತೆಂದು ಗ್ರಂಥವು ಎಲ್ಲಿಯೂ ಹೇಳುವುದಿಲ್ಲ. ಊನವು ಹಾಗೆಯೇ ಇದೆ, ಪಂಕ್ತಿಯಲ್ಲಿ ಸ್ಥಾನವೂ ಇದೆ. ಯೆಶಾಯನ ೫೬ನೆಯ ಅಧ್ಯಾಯವು ಹಿಂದೆ ಹೊರಗಿಡಲ್ಪಟ್ಟವರಿಗೆ ದೇವಾಲಯದೊಳಗೆ ಹೆಸರನ್ನೂ ಸ್ಥಾನವನ್ನೂ ವಾಗ್ದಾನ ಮಾಡುತ್ತದೆ. ಹೀಗೆ ಹೊರಗಿಡುವ ಧಾರೆಯೂ ಒಳಗೊಳ್ಳುವ ಧಾರೆಯೂ ಒಂದೇ ಗ್ರಂಥಸಮುಚ್ಚಯದಲ್ಲಿ ಜೊತೆಜೊತೆಯಾಗಿ ಹರಿದಿವೆ.

ಹೊಸ ಒಡಂಬಡಿಕೆಯಲ್ಲಿ ಎರಡನೆಯ ಧಾರೆಯು ಪ್ರಬಲವಾಯಿತು. ಔತಣಕ್ಕೆ ಬಡವರನ್ನೂ ಊನರನ್ನೂ ಕುಂಟರನ್ನೂ ಕುರುಡರನ್ನೂ ಕರೆಯಬೇಕೆಂಬ ಉಪದೇಶವು ಲೂಕನ ಶುಭಸಂದೇಶದ ೧೪ನೆಯ ಅಧ್ಯಾಯದಲ್ಲಿದೆ. ಆದರೂ ಬಲಿಪೀಠದ ಸಮೀಪದಲ್ಲಿ ಹಳೆಯ ವಿಧಿಯ ನೆರಳು ಬಹುಕಾಲ ಉಳಿಯಿತು. ೧೯೧೭ರ ಕ್ಯಾಥೋಲಿಕ ಧರ್ಮಸಂಹಿತೆಯು ಗುರುದೀಕ್ಷೆಗೆ ಅಡ್ಡಿಯಾಗುವ ಕಾರಣಗಳಲ್ಲಿ ದೇಹದ ಊನವನ್ನೂ ಅಪಸ್ಮಾರವನ್ನೂ ಎಣಿಸಿತ್ತು. ೧೯೮೩ರ ಹೊಸ ಸಂಹಿತೆಯಲ್ಲಿ ದೇಹದ ಊನವನ್ನು ಪ್ರತ್ಯೇಕವಾದ ಅಡ್ಡಿಯೆಂದು ಹೆಸರಿಸುವ ವಿಧಿ ಉಳಿಯಲಿಲ್ಲ. ಕಾನೂನು ಬದಲಾದ ಮಾತ್ರಕ್ಕೆ ರೂಢಿ ಕೂಡಲೇ ಬದಲಾಗದೆಂಬುದಕ್ಕೆ ನಮ್ಮ ದೇಶವೇ ನಿದರ್ಶನ. ಭಾರತದಲ್ಲಿ ಕಿವಿ ಕೇಳದ ಯುವಕನೊಬ್ಬನು, ಜೋಸೆಫ್ ತೆರ್ಮಾಡಂ ಎಂಬವರು, ಗುರುದೀಕ್ಷೆಯನ್ನು ಪಡೆದುದು ೨೦೨೪ರಲ್ಲಿ, ಕೇರಳದ ತ್ರಿಶ್ಶೂರಿನಲ್ಲಿ. ಸಂಹಿತೆಯ ಬದಲಾವಣೆಗೂ ಈ ದೀಕ್ಷೆಗೂ ನಡುವೆ ನಾಲ್ವತ್ತೊಂದು ವರ್ಷಗಳು ಸಂದಿವೆ.

೩

ಎರಡನೆಯ ನಿಬಂಧನೆಯು ಶ್ರವಣಕ್ಕೆ ಸಂಬಂಧಿಸಿದುದು. ವಿಶ್ವಾಸವು ಕೇಳುವುದರಿಂದ ಹುಟ್ಟುತ್ತದೆಂದು ರೋಮನರಿಗೆ ಬರೆದ ಪತ್ರದಲ್ಲಿ ಸಂತ ಪೌಲನು ಹೇಳಿದ್ದಾನೆ. ಹಾಗಾದರೆ ಹುಟ್ಟುಕಿವುಡನ ಗತಿಯೇನು? ಸಂತ ಅಗಸ್ಟೀನನು ಜೂಲಿಯಾನನ ವಿರುದ್ಧ ಬರೆದ ಗ್ರಂಥದಲ್ಲಿ ಈ ವಾಕ್ಯವನ್ನು ಉಲ್ಲೇಖಿಸಿ, ಹುಟ್ಟುಕಿವುಡುತನವು ವಿಶ್ವಾಸಕ್ಕೆ ತಡೆಯೆಂದನು. ಆದರೆ ಗುರುವನ್ನು ಕುರಿತ ತನ್ನ ಸಂವಾದದಲ್ಲಿ ಕಿವುಡರು ಸನ್ನೆಗಳಿಂದ ಪರಸ್ಪರ ಮಾತನಾಡಿಕೊಳ್ಳುವುದನ್ನು ಅವನೇ ಗಮನಿಸಿದ್ದಾನೆ. ಅವನ ಸಮಕಾಲೀನನಾದ ಜೆರೋಮನು ಕಿವುಡರು ಸನ್ನೆಗಳ ಮೂಲಕ ಶುಭಸಂದೇಶವನ್ನು ಅರಿಯಬಲ್ಲರೆಂದು ಒಪ್ಪಿದನು. ಗಾಲ್ ದೇಶದಲ್ಲಿ ೪೪೧ರಲ್ಲಿ ಸೇರಿದ ಓರಾಂಜ್ ಧರ್ಮಸಭೆಯು ಮಾತು ನಿಂತವನಿಗೆ ದೀಕ್ಷಾಸ್ನಾನವನ್ನು ಕೊಡುವ ಬಗ್ಗೆಯೂ, ಬುದ್ಧಿಯಿಲ್ಲದವರಿಗೆ ಭಕ್ತಿಸಂಬಂಧವಾದುದೆಲ್ಲವನ್ನೂ ಸಲ್ಲಿಸಬೇಕೆಂಬ ಬಗ್ಗೆಯೂ ವಿಧಿಗಳನ್ನು ಮಾಡಿತು. ಅಗಸ್ಟೀನನ ಒಂದು ವಾಕ್ಯವನ್ನು ಮಾತ್ರ ಹಿಡಿದು, ಪ್ರಾಚೀನ ಸಭೆಯು ಕಿವುಡರನ್ನು ಪೂರ್ಣವಾಗಿ ಹೊರಗಿಟ್ಟಿತೆಂದು ಕೆಲವರು ಬರೆಯುವುದುಂಟು. ಮೇಲಿನ ಸಾಕ್ಷ್ಯಗಳನ್ನು ಒಟ್ಟಾಗಿ ನೋಡಿದರೆ ಆ ನಿರ್ಣಯವು ನಿಲ್ಲುವುದಿಲ್ಲ.

ಕಿವುಡರ ಶಿಕ್ಷಣವು ಯೂರೋಪಿನಲ್ಲಿ ಆರಂಭವಾದುದು ಮಠಗಳ ಆಶ್ರಯದಲ್ಲಿಯೇ ಎಂಬುದು ಗಮನಾರ್ಹ. ೧೫೮೪ರಲ್ಲಿ ತೀರಿಕೊಂಡ ಸ್ಪೇನಿನ ಬೆನೆಡಿಕ್ಟೀನ ಸನ್ಯಾಸಿ ಪೆಡ್ರೊ ಪೋನ್ಸೆ ದ ಲೆಯೋನನು ಓನ್ಯಾ ಮಠದಲ್ಲಿ ಶ್ರೀಮಂತ ಕುಟುಂಬಗಳ ಕಿವುಡ ಮಕ್ಕಳಿಗೆ ಓದುಬರಹವನ್ನು ಕಲಿಸಿದನು. ಪ್ಯಾರಿಸಿನ ಗುರು ದ ಲೆಪೇ ಎಂಬವನು ಸುಮಾರು ೧೭೬೦ರಲ್ಲಿ ಇಬ್ಬರು ಕಿವುಡ ಸಹೋದರಿಯರಿಗೆ ಪಾಠ ಹೇಳಲು ತೊಡಗಿದನು. ಧರ್ಮಜ್ಞಾನವಿಲ್ಲದೆಯೇ ಇವರು ಸಾಯಬೇಕಾದೀತೆಂಬ ಮರುಕವು ಅವನನ್ನು ಈ ಕೆಲಸಕ್ಕೆ ಹಚ್ಚಿತು. ಅವನು ಅವರ ಸನ್ನೆಗಳನ್ನು ತಾನು ಕಲಿತು, ಅವುಗಳ ಮೂಲಕವೇ ಕಲಿಸಿದನು. ಬೋಧಕನು ಶಿಷ್ಯರ ಭಾಷೆಗೆ ಇಳಿದುಬಂದ ಈ ಪ್ರಸಂಗವು ಲೋಕದ ಕಿವುಡರ ಶಾಲೆಗಳಿಗೆ ಮೂಲವಾಯಿತು.

ಕಣ್ಣಿಲ್ಲದವರ ವಿಷಯದಲ್ಲಿ ಒಂದು ಉದಾಹರಣೆ ಸಾಕು. ಲೂಯಿ ಬ್ರೈಲ್ ತನ್ನ ಚುಕ್ಕಿಗಳ ಲಿಪಿಯನ್ನು ರೂಪಿಸಿದಾಗ ಅವನಿನ್ನೂ ಹದಿನೈದು ವರ್ಷದ ಹುಡುಗ. ಅದನ್ನು ೧೮೨೯ರಲ್ಲಿ ಪ್ರಕಟಿಸಿದನು. ಅನಂತರ ಅವನು ಪ್ಯಾರಿಸಿನ ಸಂತ ನಿಕೋಲಾಸರ ದೇವಾಲಯದಲ್ಲಿ ಆರ್ಗನ್ ವಾದಕನಾಗಿದ್ದನು. ಆ ದೇವಾಲಯದ ಜನರು ಹಾಡಬೇಕಾದರೆ ಅವನ ಕೈಬೆರಳುಗಳು ಮೊದಲು ಆಡಬೇಕಾಗಿದ್ದಿತು. ಅಂಗವಿಕಲ ಯುವಕನು ಆರಾಧನೆಯನ್ನು ಬರಿದೆ ಸ್ವೀಕರಿಸುವವನಾಗಿರದೆ ಅದನ್ನು ನಡೆಸುವವನೂ ಆಗಬಲ್ಲನೆಂಬುದನ್ನು ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿಯೇ ಲೋಕವು ಕಂಡಿತ್ತು.

ಭಾರತದಲ್ಲಿ ಈ ಧಾರೆಯು ಮಿಷನ್ನುಗಳ ಮೂಲಕ ಹರಿದುಬಂದಿತು. ಮುಂಬಯಿಯ ಕ್ಯಾಥೋಲಿಕ ಬಿಷಪರಾದ ಲಿಯೋ ಮೆರಿನರು ೧೮೮೦ರ ದಶಕದ ಮಧ್ಯದಲ್ಲಿ ಕಿವುಡ ಮಕ್ಕಳಿಗಾಗಿ ಒಂದು ಶಾಲೆಯನ್ನು ತೆರೆದರು. ೧೮೮೭ರಲ್ಲಿ ಅಮೃತಸರದಲ್ಲಿ ಆನಿ ಶಾರ್ಪ್ ಎಂಬ ಮಿಷನರಿಯು ಅಂಧರ ಶಾಲೆಯನ್ನು ಸ್ಥಾಪಿಸಿದಳು. ಸಹ್ಯಾದ್ರಿಯ ಗಂಗಾಮೂಲದಲ್ಲಿ ೧೮೫೮ರಲ್ಲಿ ಜನಿಸಿದ ಪಂಡಿತಾ ರಮಾಬಾಯಿಯವರು ತಮ್ಮ ಮುಕ್ತಿ ಸದನದಲ್ಲಿ ಕಣ್ಣಿಲ್ಲದ ಹೆಣ್ಣುಮಕ್ಕಳಿಗೆ ಬ್ರೈಲ್ ಕಲಿಸುವ ಏರ್ಪಾಡು ಮಾಡಿದ್ದರು. ಮೈಸೂರು ಸಂಸ್ಥಾನದಲ್ಲಿ ಕಿವುಡ-ಮೂಕರಿಗೂ ಅಂಧರಿಗೂ ೧೯೦೧ರಲ್ಲಿ ಮೈಸೂರು ನಗರದಲ್ಲಿ ಆರಂಭವಾದ ಶಾಲೆಯು ಮಿಷನ್ನಿನದಾಗಿರಲಿಲ್ಲ. ಇಲ್ಲಿಯ ಸಮಾಜವೂ ಸರ್ಕಾರವೂ ಈ ಹೊಣೆಯನ್ನು ತಾವಾಗಿಯೇ ಹೊತ್ತವು. ದೇಶದ ಭಾಷೆಗಳಿಗೆಲ್ಲ ಸಮಾನವಾದ ಭಾರತಿ ಬ್ರೈಲ್ ೧೯೫೧ರಲ್ಲಿ ನಿರ್ಣಯವಾದ ಮೇಲೆ ಕನ್ನಡವನ್ನು ಬೆರಳಿನಿಂದ ಓದುವುದು ಸುಲಭವಾಯಿತು. ೧೯೬೫ರಲ್ಲಿ ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಸ್ಥಾಪಿತವಾಯಿತು.

ಈ ಶಾಲೆಗಳ ಚರಿತ್ರೆಯಲ್ಲಿ ಒಂದು ವೈಚಿತ್ರ್ಯವಿದೆ. ಧರ್ಮೋಪದೇಶಕ್ಕಾಗಿಯೇ ಆರಂಭವಾದ ಈ ವಿದ್ಯೆಯು ಶಾಲೆಯ ಗೋಡೆಗಳೊಳಗೆ ಬೆಳೆಯಿತು. ಊರಿನ ದೇವಾಲಯಕ್ಕೆ ಬೇಗನೆ ಬರಲಿಲ್ಲ. ಶಾಲೆಯ ಪ್ರಾರ್ಥನಾಗೃಹದಲ್ಲಿ ಸನ್ನೆಯಿಂದ ಪ್ರಾರ್ಥಿಸಿದ ಬಾಲಕನು ರಜೆಯಲ್ಲಿ ತನ್ನ ಊರಿಗೆ ಬಂದಾಗ, ಅಲ್ಲಿಯ ಭಾನುವಾರದ ಆರಾಧನೆಯಲ್ಲಿ ಸನ್ನೆಯನ್ನು ಬಲ್ಲವರೊಬ್ಬರೂ ಇರದೆ, ಸುಮ್ಮನೆ ಕೂರಬೇಕಾಗುತ್ತಿತ್ತು. ಸಂಸ್ಥೆಯು ಅವನನ್ನು ಆದರದಿಂದ ಬರಮಾಡಿಕೊಂಡಿತ್ತು. ಸಭೆಯು ಅವನನ್ನು ಸಂಸ್ಥೆಗೆ ಒಪ್ಪಿಸಿ ಸುಮ್ಮನಾಗಿತ್ತು.

೪

ಮೂರನೆಯ ನಿಬಂಧನೆಯಾದ ಬುದ್ಧಿಯ ಪ್ರಶ್ನೆಯು ಎಲ್ಲಕ್ಕಿಂತ ಜಟಿಲವಾದುದು. ಪೂರ್ವದೇಶದ ಆರ್ಥಡಾಕ್ಸ್ ಸಭೆಗಳಲ್ಲಿ ದೀಕ್ಷಾಸ್ನಾನವಾದ ಶಿಶುವಿಗೂ ಪರಮಪ್ರಸಾದವನ್ನು ಕೊಡುವ ಪದ್ಧತಿ ಇಂದಿಗೂ ಇದೆ. ಅಲ್ಲಿ ತಿಳಿವಳಿಕೆಯ ಪರೀಕ್ಷೆಯೇ ಇಲ್ಲದುದರಿಂದ ಬುದ್ಧಿ ಬೆಳೆಯದ ಮಗುವು ಪಂಕ್ತಿಯಿಂದ ಎದ್ದುಹೋಗುವ ಪ್ರಸಂಗವೇ ಬರುವುದಿಲ್ಲ. ಪಶ್ಚಿಮದ ಸಭೆಯು ಬೇರೆ ದಾರಿಯನ್ನು ಹಿಡಿಯಿತು. ೧೨೧೫ರ ನಾಲ್ಕನೆಯ ಲ್ಯಾಟರನ್ ಮಹಾಸಭೆಯು ವಿವೇಕದ ವಯಸ್ಸಿಗೆ ಬಂದವರೆಲ್ಲರೂ ವರ್ಷಕ್ಕೊಮ್ಮೆ ಪಾಪನಿವೇದನೆ ಮಾಡಿ, ಪಾಸ್ಕ ಕಾಲದಲ್ಲಿ ಪ್ರಸಾದವನ್ನು ಸ್ವೀಕರಿಸಬೇಕೆಂದು ವಿಧಿಸಿತು. ವಿವೇಕದ ವಯಸ್ಸೆಂದರೆ ಎಷ್ಟು ಎಂಬ ಚರ್ಚೆಯಲ್ಲಿ ಮಕ್ಕಳ ಮೊದಲ ಪರಮಪ್ರಸಾದವು ಹಲವೆಡೆ ಹತ್ತು, ಹನ್ನೆರಡು ವರ್ಷಗಳವರೆಗೆ ಮುಂದೆ ಹೋಯಿತು. ಸಂತ ಥಾಮಸ್ ಅಕ್ವಿನಾಸನು ಇಲ್ಲಿ ಒಂದು ಸೂಕ್ಷ್ಮವಾದ ವಿಭಾಗವನ್ನು ಮಾಡಿದ್ದಾನೆ. ಬುದ್ಧಿಯು ದುರ್ಬಲವಾಗಿದ್ದರೂ ಸ್ವಲ್ಪವಾದರೂ ಭಕ್ತಿಯನ್ನು ತಾಳಬಲ್ಲವರಿಗೆ ಪ್ರಸಾದವನ್ನು ನಿರಾಕರಿಸಬಾರದು. ಹುಟ್ಟಿನಿಂದಲೇ ಬುದ್ಧಿಯ ವ್ಯಾಪಾರವಿಲ್ಲದವರಿಗೆ ಕೊಡಬೇಕಾಗಿಲ್ಲ ಎಂದು ಅವನ ಅಭಿಪ್ರಾಯ. ಕಾಲಕ್ರಮದಲ್ಲಿ ರೂಢಿಯು ಅವನ ಮೊದಲ ಮಾತನ್ನು ಮರೆತು, ಎರಡನೆಯದನ್ನು ನೆನಪಿಟ್ಟುಕೊಂಡಿತೆಂದು ಹೇಳಿದರೆ ತಪ್ಪಾಗಲಾರದು.

ಹತ್ತನೆಯ ಪಿಯುಸರು ೧೯೧೦ರ ಆಗಸ್ಟ್ ೮ರಂದು ಹೊರಡಿಸಿದ ಶಾಸನವು ಈ ವಯಸ್ಸನ್ನು ಸುಮಾರು ಏಳೆಂದು ನಿಗದಿಮಾಡಿ, ಪೂರ್ಣವಾದ ಧರ್ಮಜ್ಞಾನವು ಆಗ ಅವಶ್ಯವಲ್ಲವೆಂದೂ, ಈ ಪ್ರಸಾದಕ್ಕೂ ಸಾಧಾರಣ ಆಹಾರಕ್ಕೂ ಇರುವ ವ್ಯತ್ಯಾಸವನ್ನು ಅರಿತರೆ ಸಾಕೆಂದೂ ತಿಳಿಸಿತು. ಶಾಸನವು ಎಳೆಯ ಮಕ್ಕಳಿಗಾಗಿ ಹೊರಟುದು; ಆದರೆ ಅದರ ತರ್ಕವು ಬುದ್ಧಿಮಾಂದ್ಯವುಳ್ಳ ಯುವಕರಿಗೂ ಸಲ್ಲುವಂತಹುದಾಗಿದ್ದಿತು. ೧೯೮೩ರ ಸಂಹಿತೆಯ ೭೭೭ನೆಯ ವಿಧಿಯು ದೇಹದಲ್ಲಿಯೂ ಮನಸ್ಸಿನಲ್ಲಿಯೂ ಊನವುಳ್ಳವರಿಗೆ ಅವರ ಸ್ಥಿತಿಗೆ ತಕ್ಕಂತೆ ಧರ್ಮೋಪದೇಶ ದೊರೆಯುವಂತೆ ನೋಡಿಕೊಳ್ಳುವುದನ್ನು ಧರ್ಮಕೇಂದ್ರದ ಗುರುವಿನ ಕರ್ತವ್ಯವನ್ನಾಗಿ ಮಾಡಿತು. ಹದಿನಾರನೆಯ ಬೆನೆಡಿಕ್ಟರು ೨೦೦೭ರಲ್ಲಿ, ಬುದ್ಧಿಮಾಂದ್ಯವುಳ್ಳವರು ತಮ್ಮ ಕುಟುಂಬದ ಅಥವಾ ತಮ್ಮೊಡನಿರುವ ಸಮುದಾಯದ ವಿಶ್ವಾಸದಲ್ಲಿ ಪ್ರಸಾದವನ್ನು ಸ್ವೀಕರಿಸಬಹುದೆಂದು ಸ್ಪಷ್ಟಪಡಿಸಿದರು. ಥಾಮಸನ ವಿಭಾಗವು ಇಲ್ಲಿಗೆ ಬಹುಮಟ್ಟಿಗೆ ಹಿಂದೆ ಬಿದ್ದಿತೆನ್ನಬೇಕು.

ಪ್ರಾಟೆಸ್ಟಂಟ್ ಸಭೆಗಳಲ್ಲಿ ತಡೆಯು ಬೇರೊಂದು ರೂಪದಲ್ಲಿ ಬಂದಿತು. ಅಲ್ಲಿ ಆರಾಧನೆಯ ಮಧ್ಯಭಾಗವು ಪ್ರಸಂಗ. ಕರ್ತನ ಭೋಜನಕ್ಕೆ ಮುಂಚಿನ ಮೆಟ್ಟಿಲು ದೃಢೀಕರಣ. ವಿಶ್ವಾಸಪ್ರಮಾಣ, ಕರ್ತನ ಪ್ರಾರ್ಥನೆ, ಹತ್ತು ಆಜ್ಞೆಗಳು ಇವುಗಳನ್ನು ಸ್ವಭಾಷೆಯಲ್ಲಿ ಹೇಳಬಲ್ಲವನನ್ನು ದೃಢೀಕರಣಕ್ಕೆ ತರಬೇಕೆಂದು ಆಂಗ್ಲಿಕನ್ ಪ್ರಾರ್ಥನಾಪುಸ್ತಕವು ಹೇಳಿತ್ತು. ಜನರ ಮಾತಿನಲ್ಲಿಯೇ ಆರಾಧಿಸಬೇಕೆಂಬ ಉದಾರವಾದ ತತ್ತ್ವದಿಂದ ಹುಟ್ಟಿದ ಈ ವಿಧಿಯು, ಬಾಯಿಪಾಠ ಬಾರದ ಹುಡುಗನ ಮುಂದೆ ಬಾಗಿಲಾಗಿ ನಿಂತಿತು.

೧೯೬೩ರ ಡಿಸೆಂಬರ್ ೪ರಂದು ಎರಡನೆಯ ವ್ಯಾಟಿಕನ್ ಮಹಾಸಭೆಯು ಆರಾಧನೆಯನ್ನು ಕುರಿತ ಶಾಸನವನ್ನು ಹೊರಡಿಸಿತು. ದೀಕ್ಷಾಸ್ನಾನ ಪಡೆದ ಜನರೆಲ್ಲರೂ ಆರಾಧನೆಯಲ್ಲಿ ಪೂರ್ಣವಾಗಿ, ತಿಳಿದು, ಸಕ್ರಿಯವಾಗಿ ಪಾಲುಗೊಳ್ಳಬೇಕೆಂಬುದು ಅದರ ಮೂಲತತ್ತ್ವ. ಲ್ಯಾಟಿನ್ನಿನ ಸ್ಥಾನದಲ್ಲಿ ಕನ್ನಡವು ಬಲಿಪೂಜೆಗೆ ಬಂದುದು ಇದರಿಂದಲೇ. ಗಮನಿಸಬೇಕಾದ ಸಂಗತಿಯೆಂದರೆ, ಜನರ ಭಾಷೆಯಲ್ಲಿ ಪೂಜೆಯೆಂಬ ಮಾತನ್ನು ಒಪ್ಪಿದ ಮೇಲೆ ಸನ್ನೆಯೂ ಒಂದು ಜನರ ಭಾಷೆಯೆಂಬುದನ್ನು ಒಪ್ಪದೆ ವಿಧಿಯಿಲ್ಲ. ಕನ್ನಡಕ್ಕೆ ದೊರೆತ ಮನ್ನಣೆಯ ವಾದವೇ ಕಿವುಡ ಯುವಜನರ ವಾದಕ್ಕೂ ಆಧಾರವಾಯಿತು.

ಪ್ರಾಟೆಸ್ಟಂಟ್ ಮತ್ತು ಆರ್ಥಡಾಕ್ಸ್ ಸಭೆಗಳ ವಿಶ್ವಸಮಿತಿಯು ೧೯೭೫ರ ನೈರೋಬಿ ಅಧಿವೇಶನದಲ್ಲಿ, ಅಂಗವಿಕಲರಿಲ್ಲದೆ ದೇವರ ಕುಟುಂಬವು ಪೂರ್ಣವಾಗದೆಂಬ ಅಂಶವನ್ನು ಎತ್ತಿಕೊಂಡಿತು; ೨೦೦೩ರಲ್ಲಿ ಇದನ್ನೇ ವಿಸ್ತರಿಸಿ ಒಂದು ಹೇಳಿಕೆಯನ್ನು ಪ್ರಕಟಿಸಿತು. ಕ್ಯಾಥೋಲಿಕರಲ್ಲಿ ೧೯೭೧ರ ಪಾಸ್ಕ ಕಾಲದಲ್ಲಿ ಬುದ್ಧಿಮಾಂದ್ಯವುಳ್ಳವರೂ ಅವರ ತಾಯಿತಂದೆಗಳೂ ಗೆಳೆಯರೂ ಲೂರ್ದಿಗೆ ಕೈಕೊಂಡ ಯಾತ್ರೆಯಿಂದ 'ವಿಶ್ವಾಸ ಮತ್ತು ಬೆಳಕು' ಎಂಬ ಚಳವಳಿ ಹುಟ್ಟಿತು. ಇದಕ್ಕೆ ಹಿಂದೆ ೧೯೬೪ರಲ್ಲಿ ಫ್ರಾನ್ಸಿನಲ್ಲಿ ಆರಂಭವಾಗಿದ್ದ ಲಾರ್ಶ್ ಎಂಬ ಸಹವಾಸದ ಮನೆಗಳ ಮೊದಲ ಭಾರತೀಯ ಶಾಖೆಯು ೧೯೭೦ರಲ್ಲಿ ಬೆಂಗಳೂರಿನಲ್ಲಿ ಆಶಾನಿಕೇತನವೆಂಬ ಹೆಸರಿನಿಂದ ತೆರೆಯಿತು. ಅಲ್ಲಿ ಬೇರೆಬೇರೆ ಮತಗಳವರು ಒಂದೇ ಮನೆಯಲ್ಲಿ ಬಾಳಿ, ಒಟ್ಟಾಗಿ ಪ್ರಾರ್ಥಿಸುವ ಪದ್ಧತಿ ಬೆಳೆಯಿತು. ಲಾರ್ಶಿನ ಸಂಸ್ಥಾಪಕ ಜಾನ್ ವ್ಯಾನಿಯೆ ೨೦೧೯ರಲ್ಲಿ ತೀರಿಕೊಂಡ ಬಳಿಕ, ಆತನು ಹಲವು ಮಹಿಳೆಯರನ್ನು ಧಾರ್ಮಿಕ ಸಲಹೆಯ ನೆಪದಲ್ಲಿ ದುರುಪಯೋಗಪಡಿಸಿಕೊಂಡಿದ್ದನೆಂಬುದು ೨೦೨೦ ಮತ್ತು ೨೦೨೩ರ ವರದಿಗಳಿಂದ ಸಿದ್ಧಪಟ್ಟಿತು. ಆ ವಿಚಾರಣೆಯನ್ನು ನಡೆಸಿಸಿ ಪ್ರಕಟಿಸಿದುದು ಆ ಸಂಸ್ಥೆಯೇ. ಇದನ್ನು ಮರೆಮಾಡಿ ಚರಿತ್ರೆಯನ್ನು ಬರೆಯುವುದು ಯುಕ್ತವಲ್ಲ. ದುರ್ಬಲರ ಸೇವೆಯು ಒಬ್ಬ ಮಹಾತ್ಮನ ಹೆಸರಿನ ಮೇಲೆ ನಿಂತಾಗ ಎಚ್ಚರಿಕೆಯು ಹೇಗೆ ಮಲಗುತ್ತದೆಂಬುದನ್ನು ವಿದ್ಯಾರ್ಥಿಗಳು ಇಲ್ಲಿ ಕಾಣಬಹುದು.

೫

ಈಗ ನಮ್ಮ ಪ್ರದೇಶಕ್ಕೆ ಬರೋಣ. ೧೯೫೬ರವರೆಗೆ ಹರಿಹರವು ಒಂದು ಗಡಿಯೂರು. ಹೊಳೆಯ ಈಚೆ ಮೈಸೂರು, ಆಚೆ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆ; ಬಳ್ಳಾರಿ ಜಿಲ್ಲೆಯೂ ದೂರವಿರಲಿಲ್ಲ. ೧೮೬೫ರವರೆಗೆ ಇಲ್ಲಿ ದೇಶೀಯ ಪದಾತಿದಳವೊಂದು ಬೀಡುಬಿಟ್ಟಿದ್ದಿತು. ಬೆಂಗಳೂರಿನಿಂದ ಧಾರವಾಡಕ್ಕೆ ಹೋಗುವ ಹೆದ್ದಾರಿಗೆ ೧೮೬೮ರಲ್ಲಿ ಇಲ್ಲಿಯ ಸೇತುವೆ ಮುಗಿಯಿತು. ಕ್ರೈಸ್ತ ಮಿಷನ್ನುಗಳ ಭೂಪಟದಲ್ಲಿಯೂ ಇದು ಸಂಧಿಸ್ಥಾನವೇ. ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸನು ೧೮೧೦ರಿಂದ ದುಡಿದು, ೧೮೩೧ರ ಹೊತ್ತಿಗೆ ಬೈಬಲ್ಲಿನ ಕನ್ನಡಾನುವಾದವನ್ನು ಪೂರ್ಣವಾಗಿ ಹೊರತಂದನು. ಧಾರವಾಡದಲ್ಲಿ ಬಾಸೆಲ್ ಮಿಷನ್ನೂ, ಮೈಸೂರು ಸೀಮೆಯ ಗುಬ್ಬಿಯಲ್ಲಿ ವೆಸ್ಲಿಯನ್ ಮಿಷನ್ನೂ ೧೮೩೭ರ ಸುಮಾರಿಗೆ ನೆಲೆಯೂರಿದವು. ೧೯೪೭ರ ಸೆಪ್ಟೆಂಬರ್ ೨೭ರಂದು ದಕ್ಷಿಣ ಭಾರತ ಸಭೆಯು ಸ್ಥಾಪಿತವಾಗಿ ವೆಸ್ಲಿಯನ್ ಪರಂಪರೆಯ ಸಭೆಗಳು ಅದರಲ್ಲಿ ಸೇರಿದವು. ಕ್ಯಾಥೋಲಿಕರ ಶಿವಮೊಗ್ಗ ಧರ್ಮಪ್ರಾಂತ್ಯವು ೧೯೮೮ರಲ್ಲಿ ರಚಿತವಾಯಿತು. ಹರಿಹರ-ದಾವಣಗೆರೆಗಳು ಅದಕ್ಕೆ ಸೇರಿವೆ. ಆಡಳಿತದಲ್ಲಿ ೧೯೯೭ರ ಆಗಸ್ಟ್ ೧೫ರಂದು ದಾವಣಗೆರೆಯು ಚಿತ್ರದುರ್ಗದಿಂದ ಬೇರೆಯಾಗಿ ಪ್ರತ್ಯೇಕ ಜಿಲ್ಲೆಯಾಯಿತು.

ಹರಿಹರದ ದೇವಾಲಯವು ಹೊತ್ತಿರುವ ಆರೋಗ್ಯಮಾತೆಯೆಂಬ ಹೆಸರು ತಮಿಳುನಾಡಿನ ವೇಳಾಂಕಣ್ಣಿಯಿಂದ ದಕ್ಷಿಣ ದೇಶವೆಲ್ಲಕ್ಕೂ ಪರಿಚಿತವಾದುದು. ಎರಡೂ ಕಡೆಗಳಲ್ಲಿ ಹಬ್ಬವು ಸೆಪ್ಟೆಂಬರ್ ೮ರಂದೇ. ವೇಳಾಂಕಣ್ಣಿಯ ಐತಿಹ್ಯಗಳಲ್ಲಿ ಒಂದು ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿದೆ. ಮಜ್ಜಿಗೆ ಮಾರುತ್ತಿದ್ದ ಒಬ್ಬ ಬಡ ಹುಡುಗನು, ಕಾಲಿನಲ್ಲಿ ಬಲವಿಲ್ಲದವನು, ಮಗುವನ್ನೆತ್ತಿಕೊಂಡು ಬಂದ ಒಬ್ಬ ತಾಯಿಗೆ ಮಜ್ಜಿಗೆ ಕೊಟ್ಟನೆಂದೂ, ಆಕೆಯ ಸಂದೇಶವನ್ನು ನಾಗಪಟ್ಟಣದ ಶ್ರೀಮಂತನಿಗೆ ಮುಟ್ಟಿಸಲು ಎದ್ದು ಓಡಿದನೆಂದೂ ಅದು ಹೇಳುತ್ತದೆ. ಭಕ್ತರು ಈ ಕಥೆಯನ್ನು ಕಾಲು ಬಂದ ಅದ್ಭುತವೆಂದೇ ನೆನೆಯುತ್ತಾರೆ. ಐತಿಹ್ಯದ ಸತ್ಯಾಸತ್ಯತೆಯು ನಮ್ಮ ವಿಚಾರಕ್ಕೆ ಬಾರದು. ಅದರ ರಚನೆ ಮಾತ್ರ ವಿಚಾರಾರ್ಹವಾಗಿದೆ. ಆ ಹುಡುಗನು ಕಾಲು ಬರುವ ಮೊದಲೇ ತನ್ನಲ್ಲಿದ್ದುದನ್ನು ಕೊಟ್ಟವನು. ದೇವಾಲಯವನ್ನು ಕಟ್ಟಿಸೆಂಬ ಸಂದೇಶವನ್ನು ಒಯ್ದವನೂ ಅವನೇ. ಕಥೆಯ ಈ ಭಾಗವು ಜನಮನದಲ್ಲಿ ಹಿಂದೆ ಸರಿದು, ಗುಣವಾದ ಭಾಗವೇ ಮುಂದೆ ನಿಂತಿದೆ.

ನಾಲ್ಕನೆಯ ನಿಬಂಧನೆಯೆಂದು ನಾವು ಹೇಳಿದುದು ಇದನ್ನೇ. ಗುಣವಾಗಲೆಂಬ ಬೇಡಿಕೆಯು ಸಹಜವಾದುದು. ತಾಯಿಯೊಬ್ಬಳು ತನ್ನ ಮಗುವಿಗಾಗಿ ಹರಕೆ ಹೊರುವುದನ್ನು ತಪ್ಪೆನ್ನಲು ಯಾರಿಗೂ ಅಧಿಕಾರವಿಲ್ಲ. ಆದರೆ ಗುಣವಾಗದೆ ಹಿಂದಿರುಗಿದ ಯುವಕನ ಸ್ಥಿತಿಯನ್ನು ವಿಚಾರಿಸಬೇಕು. ವಿಶ್ವಾಸ ಸಾಲದೆಂದೋ, ಹೆತ್ತವರ ಪಾಪವೆಂದೋ ಸುತ್ತಲಿನವರು ಆಡಿಕೊಳ್ಳುವ ಮಾತು ಅವನ ಕಿವಿಗೆ ಬೀಳುತ್ತದೆ. ಪೂರ್ವಜನ್ಮದ ಕರ್ಮವೆಂಬ ನಾಡಿನ ನಂಬಿಕೆಯೂ ಇದಕ್ಕೆ ಕೂಡಿಕೊಳ್ಳುತ್ತದೆ. ಹುಟ್ಟುಕುರುಡನನ್ನು ಕಂಡು, ಇದು ಯಾರ ಪಾಪದ ಫಲವೆಂದು ಶಿಷ್ಯರು ಕೇಳಿದ ಪ್ರಶ್ನೆಯನ್ನೂ, ಅವನದೂ ಅಲ್ಲ, ಹೆತ್ತವರದೂ ಅಲ್ಲವೆಂದು ಯೇಸು ಕೊಟ್ಟ ಉತ್ತರವನ್ನೂ ಯೊವಾನ್ನನ ಶುಭಸಂದೇಶದ ೯ನೆಯ ಅಧ್ಯಾಯವು ದಾಖಲಿಸಿದೆ. ಪ್ರಶ್ನೆಯು ಎರಡು ಸಾವಿರ ವರ್ಷಗಳಿಂದಲೂ ಬದುಕಿದೆ. ಉತ್ತರವನ್ನು ಪ್ರತಿ ತಲೆಮಾರೂ ಹೊಸದಾಗಿ ಕಲಿಯಬೇಕಾಗಿದೆ.

ಅಪೊಸ್ತಲರ ಕೃತ್ಯಗಳ ೩ನೆಯ ಅಧ್ಯಾಯದಲ್ಲಿ ಬರುವ ಒಬ್ಬ ಮನುಷ್ಯನನ್ನು ದಿನವೂ ಹೊತ್ತುತಂದು ದೇವಾಲಯದ ಸುಂದರವೆಂಬ ದ್ವಾರದಲ್ಲಿ ಕೂರಿಸುತ್ತಿದ್ದರು. ದಿನವೂ ಅವನನ್ನು ಹೊರುವಷ್ಟು ಜನ ಅವನಿಗಿದ್ದರು. ಅವರಲ್ಲಿ ಯಾರೂ ಅವನನ್ನು ಇನ್ನು ಹತ್ತು ಹೆಜ್ಜೆ ಮುಂದಕ್ಕೆ, ಒಳಗೆ, ಹೊರಲಿಲ್ಲ. ಕಾಲು ಬಂದ ಮೇಲೆಯೇ ಅವನು ಒಳಕ್ಕೆ ಹೋದುದು. ನಮ್ಮ ಯಾತ್ರಾಸ್ಥಳಗಳ ಬಾಗಿಲುಗಳಲ್ಲಿ, ಯಾವ ಮತದ್ದೇ ಆಗಲಿ, ಈ ದೃಶ್ಯವು ಅಪರಿಚಿತವಲ್ಲ. ಮಾರ್ಕನ ೨ನೆಯ ಅಧ್ಯಾಯದ ನಾಲ್ವರು ಇದಕ್ಕೆ ವಿರುದ್ಧವಾದ ಮಾದರಿ. ಬಾಗಿಲಲ್ಲಿ ಎಡೆಯಿಲ್ಲವೆಂದು ಕಂಡು ಅವರು ಮಾಡನ್ನೇ ತೆರೆದು, ತಮ್ಮ ಗೆಳೆಯನನ್ನು ಒಳಗಿಳಿಸಿದರು. ಅಂಗವಿಕಲನ ಪ್ರವೇಶಕ್ಕಾಗಿ ಕಟ್ಟಡವು ಬದಲಾದುದಕ್ಕೆ ಕ್ರೈಸ್ತ ಸಾಹಿತ್ಯದಲ್ಲಿ ಇದ್ದಿರಬಹುದಾದ ಮೊದಲ ಉದಾಹರಣೆ ಇದು.

೬

ಇಪ್ಪತ್ತೊಂದನೆಯ ಶತಮಾನದಲ್ಲಿ ಈ ಪ್ರಶ್ನೆಗೆ ರಾಜ್ಯದ ಕಾನೂನೂ ಸೇರಿದೆ. ೧೯೯೫ರ ಅಧಿನಿಯಮವು ಏಳು ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿತ್ತು. ೨೦೧೬ರ ಅಧಿನಿಯಮವು ಇಪ್ಪತ್ತೊಂದನ್ನು ಗುರುತಿಸುತ್ತದೆ. ಎಲ್ಲರೂ ಪ್ರವೇಶಿಸಬಲ್ಲಂತಿರಬೇಕಾದ ಸಾರ್ವಜನಿಕ ಕಟ್ಟಡಗಳ ವ್ಯಾಖ್ಯೆಯಲ್ಲಿ ಅದು ಧಾರ್ಮಿಕ ಕಾರ್ಯಗಳಿಗೆ ಬಳಸುವ ಕಟ್ಟಡಗಳನ್ನೂ ಹೆಸರಿಸಿದೆ. ದೇವಾಲಯದ ಮೆಟ್ಟಿಲಿನ ಪಕ್ಕದಲ್ಲಿ ಇಳಿಜಾರು ದಾರಿಯನ್ನು ಮಾಡುವುದು ಹಿಂದೆ ದಯೆಯ ವಿಷಯವಾಗಿದ್ದಿತು. ಈಗ ಅದು ಹಕ್ಕಿನ ವಿಷಯವಾಗಿದೆ. ೨೦೧೧ರ ಜನಗಣತಿಯಂತೆ ದೇಶದಲ್ಲಿ ೨.೬೮ ಕೋಟಿ, ಕರ್ನಾಟಕದಲ್ಲಿ ಸುಮಾರು ೧೩.೨೪ ಲಕ್ಷ ಅಂಗವಿಕಲರಿದ್ದರು. ದೇಶದ ಅಂಗವಿಕಲರಲ್ಲಿ ನೂರಕ್ಕೆ ಸುಮಾರು ೧೭ರಷ್ಟು ಮಂದಿ ೧೦ರಿಂದ ೧೯ ವರ್ಷದವರು. ಧರ್ಮೋಪದೇಶದ ತರಗತಿಗೆ, ಮೊದಲ ಪ್ರಸಾದಕ್ಕೆ, ದೃಢೀಕರಣಕ್ಕೆ ಬರುವ ವಯಸ್ಸು ಬಹುಮಟ್ಟಿಗೆ ಇದೇ. ದಾವಣಗೆರೆಯಲ್ಲಿ ಕೇಂದ್ರ ಸರ್ಕಾರದ ಅಂಗವಿಕಲರ ಸಂಯುಕ್ತ ಪ್ರಾದೇಶಿಕ ಕೇಂದ್ರವಿರುವುದರಿಂದ, ಸನ್ನೆಭಾಷೆಯನ್ನೂ ವಿಶೇಷ ಶಿಕ್ಷಣವನ್ನೂ ಬಲ್ಲವರ ನೆರವು ಇಲ್ಲಿಯ ಸಭೆಗಳಿಗೆ ದೂರದ್ದಲ್ಲ.

ನಮ್ಮ ವಿದ್ಯಾರ್ಥಿಗಳ ಗಮನಕ್ಕೆ ಸಂಶೋಧನೆಯ ಒಂದು ದಾರಿಯನ್ನು ತರಬಯಸುತ್ತೇವೆ. ಪ್ರತಿಯೊಂದು ಧರ್ಮಕೇಂದ್ರದಲ್ಲಿಯೂ ದೀಕ್ಷಾಸ್ನಾನ, ವಿವಾಹ, ಮರಣಗಳ ದಫ್ತರಗಳನ್ನು ಇಡುವುದು ಸಂಹಿತೆಯ ವಿಧಿ, ದೃಢೀಕರಣವೂ ದಾಖಲಾಗುತ್ತದೆ, ಮೊದಲ ಪ್ರಸಾದದ ಪಟ್ಟಿಗಳೂ ಹಲವೆಡೆ ಇರುವುದುಂಟು. ಈ ದಫ್ತರಗಳಲ್ಲಿ ಅಂಗವೈಕಲ್ಯಕ್ಕೆ ಪ್ರತ್ಯೇಕವಾದ ಅಂಕಣವಿಲ್ಲ. ಆದರೆ ಒಂದೇ ಕೇಂದ್ರದ ದೀಕ್ಷಾಸ್ನಾನದ ದಫ್ತರವನ್ನು ಹತ್ತು-ಹದಿನೈದು ವರ್ಷಗಳ ಅನಂತರದ ಪಟ್ಟಿಗಳೊಡನೆ ಹೋಲಿಸಿ, ಮರಣ ಹೊಂದಿದವರನ್ನೂ ಊರು ಬಿಟ್ಟವರನ್ನೂ ಕಳೆದರೆ, ನಡುವೆ ಬಿಟ್ಟುಹೋದ ಹೆಸರುಗಳು ಉಳಿಯುತ್ತವೆ. ಆ ಹೆಸರುಗಳ ಮನೆಗಳಿಗೆ ಹೋಗಿ, ಹಿರಿಯರ ನೆನಪನ್ನು ವಿನಯದಿಂದಲೂ, ಮನೆಯವರ ಗುಟ್ಟನ್ನು ಕಾಪಾಡುವ ಎಚ್ಚರದಿಂದಲೂ ಕೇಳಿದರೆ, ಯಾರು ಏಕೆ ಪಂಕ್ತಿಯಿಂದ ಹೊರಗುಳಿದರೆಂಬುದು ತಿಳಿದೀತು. ಶಾಸನಗಳಲ್ಲಿ ದಾನಿಗಳ ಹೆಸರನ್ನು ಹುಡುಕುವುದಕ್ಕೆ ನಾವು ಪಡುವ ಶ್ರಮದ ಒಂದು ಪಾಲನ್ನು ದಫ್ತರಗಳಲ್ಲಿ ಇಲ್ಲದ ಹೆಸರುಗಳಿಗಾಗಿಯೂ ಪಡುವುದು ಉಚಿತವಾಗಿದೆ.

ಇಷ್ಟರಿಂದ ಕೆಲವು ನಿರ್ಣಯಗಳಿಗೆ ಬರಬಹುದು. ಒಂದು: ಕ್ರೈಸ್ತ ಸಂಪ್ರದಾಯದಲ್ಲಿ ಹೊರಗಿಡುವ ಮತ್ತು ಒಳಗೊಳ್ಳುವ ಎರಡು ಧಾರೆಗಳೂ ಆರಂಭದಿಂದಲೂ ಇದ್ದು, ಕಾಲಕಾಲಕ್ಕೆ ಒಂದೊಂದು ಮೇಲಾಗಿದೆ. ಎರಡು: ದೇಹ, ಶ್ರವಣ, ಬುದ್ಧಿ ಇವುಗಳ ನಿಬಂಧನೆಗಳು ವಿಧಿಗಳಲ್ಲಿ ಬಹುಮಟ್ಟಿಗೆ ಸಡಿಲಿವೆ, ವಿಧಿಗೂ ರೂಢಿಗೂ ನಡುವಣ ಅಂತರ ಮಾತ್ರ ಉಳಿದಿದೆ. ಮೂರು: ಗುಣವಾಗುವ ನಿರೀಕ್ಷೆಯೆಂಬ ನಾಲ್ಕನೆಯ ನಿಬಂಧನೆಯು ಯಾವ ಸಂಹಿತೆಯಲ್ಲಿಯೂ ಬರೆದಿಲ್ಲವಾದುದರಿಂದ, ಯಾವ ಸಂಹಿತೆಯನ್ನು ತಿದ್ದಿದರೂ ಅದು ಹೋಗಲಾರದು. ಆರೋಗ್ಯದ ಹೆಸರನ್ನು ಹೊತ್ತ ಕ್ಷೇತ್ರಗಳಲ್ಲಿ ಈ ಪ್ರಶ್ನೆಯು ಹೆಚ್ಚು ತೀವ್ರವಾಗುವುದು ಸ್ವಾಭಾವಿಕ.

ಪರಿಹಾರದ ಸೂಚನೆಯೂ ಆ ಸ್ಥಳದ ಸಂಪ್ರದಾಯದಲ್ಲಿಯೇ ದೊರೆಯುತ್ತದೆ. ಆರೋಗ್ಯಮಾತೆಯ ಕಥೆಯಲ್ಲಿ ಮಜ್ಜಿಗೆಯ ಹುಡುಗನು ಮೊದಲು ಕೊಟ್ಟವನು, ಆಮೇಲೆ ಪಡೆದವನು. ಕಣ್ಣಿಲ್ಲದ ತರುಣಿ ಬೆರಳಿನಿಂದ ವಾಚನವನ್ನು ಓದಿದಾಗ, ಕಿವುಡ ಯುವಕನು ಸನ್ನೆಯಿಂದ ಪ್ರಾರ್ಥನೆಯನ್ನು ನಡೆಸಿದಾಗ, ಮಾತು ತಡವಾದ ಹುಡುಗನು ಕಾಣಿಕೆಯ ತಟ್ಟೆಯನ್ನು ಪೀಠಕ್ಕೆ ಒಯ್ದಾಗ, ಸಭೆಯು ಅವರಿಂದ ಏನನ್ನೋ ಪಡೆಯುತ್ತದೆ. ಗುಣವಾದ ಮೇಲೆ ಬಾ ಎನ್ನದೆ, ಹೀಗೆಯೇ ಬಂದು ನಿನ್ನ ಪಾಲಿನ ಕೆಲಸವನ್ನು ಮಾಡು ಎನ್ನುವುದು ಆಗ ಸಾಧ್ಯವಾಗುತ್ತದೆ. ತುಂಗಭದ್ರೆಯ ದಂಡೆಯಲ್ಲಿ ಪ್ರತಿ ಸೆಪ್ಟೆಂಬರಿನಲ್ಲಿ ಸೇರುವ ಆ ಜನಸಮೂಹದಲ್ಲಿ ಎಷ್ಟು ಯುವಜನರು ದ್ವಾರದಲ್ಲಿ ನಿಂತರು, ಎಷ್ಟು ಮಂದಿ ಪೀಠದ ಬಳಿಗೆ ಹೋದರು ಎಂಬುದನ್ನು ಲೆಕ್ಕವಿಡುವ ಕಾರ್ಯವು ಮುಂದಿನ ಸಂಶೋಧಕರಿಗೆ ಸೇರಿದ್ದು.